ನಲವತ್ತು ಪುಟದ ರಿಪೋರ್ಟು, ಮಾತಾಡದ ಮಗ

(ಹೆಸರು, ಕಸುಬು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಮಗನ ವಿಷಯಕ್ಕೆ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದ ಆ ತಾಯಿ ಕೂರುವ ಮೊದಲೇ ಮೇಜಿನ ಮೇಲೆ ಒಂದು ಫೈಲು ಇಟ್ಟರು. ನಲವತ್ತು ಪುಟ, ಎಲ್ಲಾ ಬಣ್ಣದ ಪ್ರಿಂಟು. ಬೆರಳಿನ ಗೆರೆ ನೋಡಿ ಮಿದುಳು, ಸ್ವಭಾವ ಹೇಳುತ್ತೇವೆ ಅಂತ ಶಾಲೆಯಲ್ಲಿ ಯಾರೋ ಕ್ಯಾಂಪ್ ಹಾಕಿ, ಮಕ್ಕಳ ಹತ್ತೂ ಬೆರಳು ಸ್ಕ್ಯಾನ್ ಮಾಡಿ ಕೊಟ್ಟಿದ್ದಂತೆ. ಫೀಸು ನಾಲ್ಕೂವರೆ ಸಾವಿರ. ಒಳಗೆ ಮಿದುಳಿನ ಚಿತ್ರ. ಎಡಭಾಗ ಇಷ್ಟು ಪರ್ಸೆಂಟು, ಬಲಭಾಗ ಇಷ್ಟು ಪರ್ಸೆಂಟು. ಕೊನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಹುಟ್ಟು ಅಂತರ್ಮುಖಿ, ವ್ಯಾಪಾರಕ್ಕೆ ಸೂಕ್ತವಲ್ಲ' ಅಂತ ಬರೆದಿತ್ತು.

"ನಮ್ಮದು ಹಾರ್ಡ್‌ವೇರ್ ಅಂಗಡಿ ಮೇಡಂ. ಇರೋನು ಒಬ್ಬನೇ ಮಗ. ಇದನ್ನ ಓದಿದಾಗಿನಿಂದ ಇವರು ಸರಿಯಾಗಿ ನಿದ್ದೆ ಮಾಡಿಲ್ಲ" ಅಂದರು. 'ಇವರು' ಪಕ್ಕದಲ್ಲೇ ಇದ್ದರು. ಸುಮ್ನೆ ತಲೆಯಾಡಿಸಿದರು.

ಹುಡುಗ ಒಂಬತ್ತನೇ ಕ್ಲಾಸು. ಸುಹಾಸ ಅಂತ ಇಟ್ಟುಕೊಳ್ಳೋಣ. ಮಾರ್ಕ್ಸಿಗೆ ಕೊರತೆ ಇಲ್ಲ. ಆದರೆ ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದರೆ ಗೊತ್ತಿರುವ ಉತ್ತರವೂ ಬಾಯಿಗೆ ಬರಲ್ಲ. ಮನೆಗೆ ನೆಂಟರು ಬಂದರೆ ರೂಮು ಸೇರುತ್ತಾನೆ. ಒಬ್ಬನೇ ಇದ್ದಾಗ ಮಾತಾಡಿಸಿದೆ. ಮೊದಲ ಇಪ್ಪತ್ತು ನಿಮಿಷ ಬಸ್ ಟಿಕೆಟ್ಟನ್ನು ಮಡಚುತ್ತಾ, ಬಿಚ್ಚುತ್ತಾ ಕೂತಿದ್ದ. ಆಮೇಲೆ ಕ್ರಿಕೆಟ್ ವಿಷಯ ಬಂತು ನೋಡಿ, ನಾನೇ ತಡೆದು ನಿಲ್ಲಿಸಬೇಕಾಯಿತು. ನಿದ್ದೆ, ಊಟ ಸರಿ ಇದೆ. ಶಾಲೆ ತಪ್ಪಿಸಿಲ್ಲ. ಜೀವದ ಗೆಳೆಯರು ಇಬ್ಬರಿದ್ದಾರೆ. ಇದು ಕಾಯಿಲೆ ಅಲ್ಲ ಅನ್ನೋದು ನನಗೆ ಆವತ್ತೇ ಖಾತ್ರಿಯಾಯಿತು.

ಮೊದಲು ಆ ಫೈಲಿನ ಲೆಕ್ಕ ಮುಗಿಸಿದೆ. ಬೆರಳಿನ ಗೆರೆಗಳು ಮೂಡುವುದು ತಾಯಿಯ ಹೊಟ್ಟೆಯಲ್ಲಿ. ಅದೇ ಹೊತ್ತಿಗೆ ಮಿದುಳೂ ಬೆಳೆಯುತ್ತಿರುತ್ತದೆ, ನಿಜ. ಅದಕ್ಕೆ ಗೆರೆ ನೋಡಿ ಮಿದುಳು ಹೇಳುತ್ತೇವೆ ಅಂದರೆ, ಒಂದೇ ಮಳೆಗೆ ಎದ್ದ ಅಣಬೆ ನೋಡಿ ಭತ್ತದ ಇಳುವರಿ ಹೇಳಿದ ಹಾಗೆ. ಬೆರಳು ಬಿಡಿ, ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದರೂ ಒಬ್ಬ ಹುಡುಗನ ಸ್ವಭಾವ ಹೇಳೋಕೆ ಆಗಲ್ಲ. ಮಿದುಳಿಗೂ ಸ್ವಭಾವಕ್ಕೂ ನಂಟಿದೆ. ಆದರೆ ತುಂಬಾ ಜನರನ್ನು ಒಟ್ಟಿಗೆ ನೋಡಿದಾಗ ಮಾತ್ರ ಅದು ಕಾಣುತ್ತದೆ, ಅದೂ ತೆಳುವಾಗಿ.

ತಾಯಿಯ ಮುಖ ಅರಳಿತು. "ಹಾಗಾದ್ರೆ ಹುಟ್ಟಿನಿಂದ ಬಂದಿದ್ದಲ್ಲ, ಬದಲಾಯಿಸಬಹುದು ಅಲ್ವಾ?"

ಇಲ್ಲಿ ನಾನು ಅವರಿಗೆ ಪೂರ್ತಿ ಖುಷಿ ಕೊಡಲಿಲ್ಲ.

ಹಾರ್ವರ್ಡ್‌ನಲ್ಲಿ ಜೆರೋಮ್ ಕೇಗನ್ ಅನ್ನುವ ಮನೋವಿಜ್ಞಾನಿ ನಾಲ್ಕು ತಿಂಗಳ ಕೂಸುಗಳನ್ನು ಕೂರಿಸಿ, ತೂಗಾಡುವ ಬಣ್ಣದ ಆಟಿಕೆ, ಹೊಸ ದನಿ, ಹೊಸ ವಾಸನೆ ಕೊಟ್ಟು ನೋಡಿದರು. ಸುಮಾರು ನೂರಕ್ಕೆ 20 ಕೂಸುಗಳು ಕೈಕಾಲು ಬಡಿದು, ಬೆನ್ನು ಸೆಟೆಸಿ ಅತ್ತವು. ಸುಮಾರು 40 ಕೂಸುಗಳು ಆರಾಮಾಗಿ ನೋಡುತ್ತಾ ಇದ್ದವು. ಅತ್ತ ಗುಂಪಿನವರೇ ದೊಡ್ಡವರಾದಾಗ ಹೊಸಬರ ಮುಂದೆ ಹಿಂಜರಿಯುವುದು ಜಾಸ್ತಿ. ನಾಲ್ಕು ತಿಂಗಳ ಕೂಸಿಗೆ ಯಾರು ಬೈದು ಅಂಜಿಕೆ ಕಲಿಸಿರುತ್ತಾರೆ?

ಕಾರಣದ ಒಂದು ಎಳೆ ಅಮಿಗ್ಡಲಾದಲ್ಲಿದೆ. ಮಿದುಳಿನ ಒಳಗೆ ಬಾದಾಮಿಯಷ್ಟಿರುವ ಭಾಗ ಅದು. ಕೇಗನ್ ಜೊತೆಗಾರರು 2003ರಲ್ಲಿ 22 ಮಂದಿ ತರುಣರ ಮಿದುಳನ್ನು ಸ್ಕ್ಯಾನ್ ಮಾಡಿದರು. ಎಲ್ಲರನ್ನೂ ಎರಡನೇ ವರ್ಷದಲ್ಲೇ ನೋಡಿ ದಾಖಲೆ ಇಟ್ಟಿದ್ದರು. ಆಗ ಅಂಜುಬುರುಕರಾಗಿದ್ದವರ ಅಮಿಗ್ಡಲಾ, ಅಷ್ಟು ವರ್ಷದ ಮೇಲೂ, ಅಪರಿಚಿತ ಮುಖ ಕಂಡರೆ ಉಳಿದವರಿಗಿಂತ ಜೋರಾಗಿ ಎಚ್ಚರಗೊಳ್ಳುತ್ತಿತ್ತು. 22 ಅಂದರೆ ಸಣ್ಣ ಸಂಖ್ಯೆಯೇ, ಒಪ್ಪುತ್ತೇನೆ.

ನಾನು ಅವರಿಗೆ ಹೇಳಿದ್ದು ಹೀಗೆ: ಕೆಲವು ಮನೆ ನಾಯಿ ದಿನಾ ಬರೋ ಪೇಪರ್ ಹುಡುಗನಿಗೂ ಬೊಗಳುತ್ತದೆ. ಪಕ್ಕದ ಮನೇದು ಕಣ್ಣು ಬಿಟ್ಟೂ ನೋಡಲ್ಲ. ಸುಹಾಸನ ತಲೆಯೊಳಗಿನ ಕಾವಲುಗಾರ ಸ್ವಲ್ಪ ಜಾಸ್ತಿ ಹುಷಾರಿನವನು. ಹುಡುಗ ಸೊಕ್ಕಿಗೆ ಸುಮ್ಮನಿರುವುದಲ್ಲ.

ಆಗ ಅಪ್ಪ ಮೊದಲ ಸಲ ಬಾಯಿ ಬಿಟ್ಟರು. "ನನ್ನಿಂದ ಬಂತಾ ಮೇಡಂ?"

ವಿಚಾರಿಸಿದರೆ, ಅಂಗಡಿಯ ಗಲ್ಲಾದಲ್ಲಿ ಕೂತು ಗಿರಾಕಿ ಜೊತೆ ಮಾತಾಡುವುದು ಅವರ ತಮ್ಮ. ಇವರು ಒಳಗೆ ಲೆಕ್ಕ, ಸ್ಟಾಕು ನೋಡುತ್ತಾರೆ. ಇಪ್ಪತ್ತು ವರ್ಷದಿಂದ ಅಂಗಡಿ ಚೆನ್ನಾಗಿಯೇ ನಡೆದಿದೆ! ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಶೇ. 40ರಿಂದ 50ರಷ್ಟು ವಂಶವಾಹಿಗೆ, ಅಂದರೆ ಜೀನುಗಳಿಗೆ, ಸೇರುತ್ತದೆ. ಇವನಲ್ಲಿ ಅರ್ಧ ಅಪ್ಪ ಅಂತ ಅದರ ಅರ್ಥ ಅಲ್ಲ. ಇದನ್ನು ತಪ್ಪು ತಿಳಿಯುವವರೇ ಜಾಸ್ತಿ. ಒಂದೇ ಜೀನು ಅಂತಲೂ ಇಲ್ಲ. ಸಾವಿರಾರು ಜೀನುಗಳು, ಒಂದೊಂದರದ್ದು ಚೂರು ಚೂರು ಪಾಲು.

ಸಲಹೆ ಕೊಟ್ಟಿದ್ದು ಹೆಚ್ಚಾಗಿ ತಾಯಿಗೆ. ನೆಂಟರ ಮುಂದೆ 'ಇವನು ಮಾತೇ ಆಡಲ್ಲ' ಅನ್ನುವುದನ್ನು ಇವತ್ತಿಗೇ ನಿಲ್ಲಿಸಿ. ದೊಡ್ಡಮ್ಮನ ಮಗನ ಹೋಲಿಕೆಯನ್ನೂ. ಆದರೆ ಅವನ ಪರವಾಗಿ ನೀವೇ ಎಲ್ಲ ಮಾತಾಡಿ ಮುಗಿಸಬೇಡಿ. ನಾಯಿಯನ್ನು ಒಳಗೆ ಕಟ್ಟಿಹಾಕಿದರೆ ಪೇಪರ್ ಹುಡುಗನ ಪರಿಚಯ ಆಗುವುದು ಯಾವಾಗ? ಕೇಗನ್ ಗುಂಪಿನವರೂ ಇದನ್ನು ಕಂಡಿದ್ದಾರೆ: ಅತಿಯಾಗಿ ಕಾಪಾಡದ ಮನೆಗಳಲ್ಲಿ ಅಂಥ ಕೂಸುಗಳ ಅಂಜಿಕೆ ಕಡಿಮೆಯಾಗಿತ್ತು.

ಹುಡುಗನ ಜೊತೆ ಕೂತು ಪಟ್ಟಿ ಮಾಡಿದೆವು. ಮೊದಲ ವಾರ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳಿ ತಗೊಳ್ಳುವುದು. ಆಮೇಲೆ ಅಂಗಡಿಯಿಂದ ಡೀಲರ್‌ಗೆ ಒಂದು ಫೋನು. ಟೀಚರಿಗೆ ನಾನೇ ಚೀಟಿ ಬರೆದೆ: ಪ್ರಶ್ನೆಯನ್ನು ಹಿಂದಿನ ದಿನವೇ ಕೊಡಿ, ಕೂತಲ್ಲಿಂದಲೇ ಉತ್ತರ ಹೇಳಲಿ. ಮುಂದೆ ಹೊಟ್ಟೆನೋವು, ವಾಂತಿ, ಶಾಲೆಗೆ ಹೋಗಲ್ಲ ಅನ್ನುವುದು ಶುರುವಾದರೆ ಮನೋವೈದ್ಯರನ್ನು ನೋಡಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಅಂತ ಬರೆದುಕೊಟ್ಟೆ.

ಐದು ತಿಂಗಳಾದ ಮೇಲೆ ಬಂದಿದ್ದರು. ಡೀಲರ್ ಫೋನೆಲ್ಲ ಈಗ ಸುಹಾಸನದ್ದೇ. ಬಾಕಿಯನ್ನೂ ಕೇಳುತ್ತಾನಂತೆ, ಚಿಕ್ಕಪ್ಪನಿಗಿಂತ ಖಡಕ್ಕಾಗಿ. ಕ್ಲಾಸಿನಲ್ಲಿ ಎದ್ದು ನಿಂತರೆ ಈಗಲೂ ತಡವರಿಸುತ್ತಾನೆ. ಮದುವೆ ಮನೆಯಲ್ಲಂತೂ ಊಟ ಮುಗಿಸಿ ಹೊರಗೆ ಬಂದು ಕಾರಿನಲ್ಲಿ ಕೂತುಬಿಡುತ್ತಾನೆ. "ಮೊನ್ನೆ ಹೋಗಿ ನೋಡಿದ್ರೆ ಇವರೂ ಅಲ್ಲೇ ಕೂತಿದ್ರು ಮೇಡಂ, ಇಬ್ಬರೂ ಬೀಡಾ ತಿಂತಾ" ಅಂದರು ತಾಯಿ.