ಹಂಪಿ–ಆನೆಗುಂದಿ ಸುತ್ತು: ದಿಕ್ಕು ತಿರುಗಿಸಿ ನೋಡಿ

ದಾವಣಗೆರೆಯ ಓದುಗರಿಗೆ,

ಹಂಪಿಯಿಂದ ಹೊಳೆದಂಡೆ ಹಿಡಿದು ವಿಠ್ಠಲ ದೇವಸ್ಥಾನ, ತಳವಾರಘಟ್ಟ, ಆನೆಗುಂದಿ, ಅಂಜನಾದ್ರಿ ಮುಗಿಸಿದಿರಿ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಗೆ ಬರುವಷ್ಟರಲ್ಲಿ ದೋಣಿ ನಿಂತುಹೋಗಿ, ಆಟೊ ಹಿಡಿದು ಸುತ್ತಿ ಬರಬೇಕಾಯಿತು ಎಂದು ಬರೆದಿದ್ದೀರಿ. ಒಂದೇ ದಿನಕ್ಕೆ ದಾರಿ ಹೆಚ್ಚಾಯಿತೇ ಎಂದು ಕೇಳಿದ್ದೀರಿ. ಹೆಚ್ಚೇನಲ್ಲ. ಒಟ್ಟು ಹದಿಮೂರು ಹದಿನಾಲ್ಕು ಕಿ.ಮೀ. ತಪ್ಪಿದ್ದು ದಿಕ್ಕು.

ಈ ಸುತ್ತಿನಲ್ಲಿ ತುಂಗಭದ್ರೆಯನ್ನು ಎರಡು ಸಲ ದಾಟಬೇಕು, ಎರಡೂ ಕಡೆ ದೋಣಿಯೇ ಗತಿ. ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಈಗ ರಸ್ತೆ ಸೇತುವೆ ಇರುವುದು ಕೆಳಗೆ, ಬುಕ್ಕಸಾಗರ–ಕಡೇಬಾಗಿಲ ನಡುವೆ. ಗಡ್ಡೆಯ ದೋಣಿ ತಪ್ಪಿದರೆ ಅಷ್ಟು ದೂರ ಸುತ್ತಲೇಬೇಕು. ಕತ್ತಲಾಗುವ ಮುಂಚೆ ದೋಣಿ ನಿಲ್ಲಿಸುತ್ತಾರೆ, ಜನ ಸೇರುವವರೆಗೆ ಬಿಡುವುದೂ ಇಲ್ಲ. ಅಂಥದ್ದನ್ನು ದಿನದ ಕೊನೆಗೆ ಇಟ್ಟುಕೊಳ್ಳಬಾರದು.

ಬೆಳಗ್ಗೆ ವಿರೂಪಾಕ್ಷ ಗುಡಿಯ ಹಿಂದಿನ ಘಟ್ಟದಿಂದ ಮೊದಲ ದೋಣಿಗೇ ಗಡ್ಡೆಗೆ ದಾಟಿ. ಹನುಮನಹಳ್ಳಿಯ ಮೇಲೆ ಅಂಜನಾದ್ರಿಗೆ ಒಂದು ತಾಸಿನ ನಡಿಗೆ. ದಾರಿಯ ಒಂದು ಬದಿ ಬಂಡೆ ರಾಶಿ, ಇನ್ನೊಂದು ಬದಿ ಭತ್ತದ ಗದ್ದೆ, ಬಾಳೆ ತೋಟ. ಬಿರುಬಿಸಿಲಿನಲ್ಲೂ ಇಲ್ಲಿ ಹಸಿರು ಉಳಿದಿರುವುದು ಕಾಲುವೆ ನೀರಿನಿಂದ, ಅದರಲ್ಲಿ ವಿಜಯನಗರ ಕಾಲದ ಕಾಲುವೆಯದೂ ಪಾಲಿದೆ. ಬೆಟ್ಟಕ್ಕೆ 575 ಮೆಟ್ಟಿಲು. ಒಂಬತ್ತರೊಳಗೆ ಹತ್ತಿ ಇಳಿದರೆ ಕಲ್ಲು ಕಾಯ್ದಿರುವುದಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ. ಶನಿವಾರ ಮತ್ತು ಹನುಮದ್‌ವ್ರತದ ದಿನಗಳಲ್ಲಿ ಮೆಟ್ಟಿಲಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಆ ದಿನ ಬಿಡಿ.

ಇಳಿದ ಮೇಲೆ ಪಂಪಾ ಸರೋವರ, ಅಲ್ಲಿಂದ ಆನೆಗುಂದಿ. ಊಟ, ವಿಶ್ರಾಂತಿ ಎರಡೂ ಆನೆಗುಂದಿಯಲ್ಲೇ ಆಗಲಿ. ರಂಗನಾಥನ ಗುಡಿ, ಎದುರಿನ ಗಗನ ಮಹಲ್, ಬಾಳೆ ನಾರಿನ ಕೆಲಸ ನೋಡುತ್ತ ನಡುಹಗಲಿನ ಬಿಸಿಲು ಕಳೆಯಿರಿ. ಎರಡೂವರೆ ಮೂರಕ್ಕೆ ತಳವಾರಘಟ್ಟದ ಕಡೆ ದಾಟಿ. ಹರಿಗೋಲು ಸಿಕ್ಕರೆ ಅಂಚಿನ ಮೇಲೆ ಕಾಲಿಡಬೇಡಿ. ನೇರ ನಡುವಿಗೆ ಹೆಜ್ಜೆ ಇಟ್ಟು, ಆಮೇಲೆ ಅಂಚಿಗೆ ಬೆನ್ನು ಕೊಟ್ಟು ಕೂರಬೇಕು. ಬಿದಿರಿನ ಹೆಣಿಗೆ, ಕೆಳಗೆ ಟಾರು ಬಳಿದ ಹೊದಿಕೆ ಇರುವ ದುಂಡನೆಯ ಬುಟ್ಟಿ ಅದು. ಒಬ್ಬರು ತಟ್ಟನೆ ಎದ್ದರೂ ವಾಲುತ್ತದೆ.

ಮುಂದೆ ವಿಠ್ಠಲ ದೇವಸ್ಥಾನ, ತುಲಾಭಾರದ ಕಲ್ಲು ಕಮಾನು, ಸುಗ್ರೀವ ಗುಹೆ, ಕೋದಂಡರಾಮ ಗುಡಿ. ಈ ಕೊನೆಯ ಎರಡು ಕಿ.ಮೀ. ಹೊಳೆದಂಡೆಯೇ ನಡಿಗೆಯ ಸಾರ. ಸಂಜೆಯ ಎಳೆ ಬಿಸಿಲು ಬಂಡೆಗಳ ಮೇಲೆ ಬೀಳುವುದನ್ನು ನೋಡಬೇಕೆಂದರೆ ಇದನ್ನು ಕೊನೆಗೇ ಇಟ್ಟುಕೊಳ್ಳಿ. ಆದರೆ ಬೆಳಕಿರುವಾಗಲೇ ಮುಗಿಸಿ. ಹಾದಿ ನಿರ್ಜನ, ಕಲ್ಲು ನುಣುಪು. ನೀರಿಗೆ ಇಳಿಯಬೇಡಿ. ಬಂಡೆಗಳ ನಡುವೆ ಸೆಳೆತವಿದೆ, ಮೊಸಳೆಗಳೂ ಇವೆ.

ಕಾಲದ ವಿಷಯದಲ್ಲಿ ಒಂದು ಮಾತು. ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಹೋಗಿ. ಮಳೆಗಾಲದಲ್ಲಿ ಹಂಪಿಯ ಆಕಾಶ ನೋಡಿ ಲೆಕ್ಕ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಹೊಳೆ ತುಂಬುವುದು ಮಲೆನಾಡಿನ ಮಳೆಗೆ. ಹೊಸಪೇಟೆಯ ಮೇಲಿನ ಜಲಾಶಯ ತುಂಬಿ ಕ್ರೆಸ್ಟ್ ಗೇಟ್ (ಅಣೆಕಟ್ಟೆಯ ಮೇಲ್ಭಾಗದ ಬಾಗಿಲು) ತೆರೆದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ಪುರಂದರ ಮಂಟಪ ಮುಳುಗುತ್ತದೆ, ದೋಣಿಗಳು ದಡ ಸೇರುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗಲಂತೂ ಯಾವ ಮುನ್ಸೂಚನೆಯೂ ಇರಲಿಲ್ಲ. ಹೊರಡುವ ಹಿಂದಿನ ಸಂಜೆ ಹೊರಹರಿವು ಎಷ್ಟೆಂದು ಪತ್ರಿಕೆಯಲ್ಲಿ ನೋಡಿ, ಬೆಳಗ್ಗೆ ಘಟ್ಟದಲ್ಲಿ ಅಂಬಿಗರನ್ನು ಕೇಳಿ. ಆಚೆಯ ತಳವಾರಘಟ್ಟದ ದೋಣಿಯೂ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ.

ತಾಯಿಯವರನ್ನೂ ಕರೆದೊಯ್ಯುವ ಆಸೆ ಇದೆ ಎಂದಿದ್ದೀರಿ. ಅವರಿಗೆ ಬೆಟ್ಟ ಬೇಡ. ಗಡ್ಡೆಯಿಂದ ಪಂಪಾ ಸರೋವರದವರೆಗೆ ಆಟೊದಲ್ಲಿ ಕಳಿಸಿ. ಬೆಟ್ಟ ಇಳಿದು ನೀವು ಅಲ್ಲಿಗೆ ಬರುವವರೆಗೆ ಲಕ್ಷ್ಮಿ ಗುಡಿಯ ನೆರಳಿನಲ್ಲಿ ಕೂತಿರಲಿ.

– ಸಂ.