ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿರುವವರು ಗಣಿತ ಶಿಕ್ಷಣದ ಪ್ರಾಧ್ಯಾಪಕರಾಗುವುದು ಹೇಗೆ?

ಗಣಿತ ಪ್ರಾಧ್ಯಾಪಕರು ಹೊಸ ಪ್ರಮೇಯಗಳ ಬೆನ್ನು ಹತ್ತುತ್ತಾರೆ. ಗಣಿತ ಶಿಕ್ಷಣದವರ ಪ್ರಶ್ನೆ ಬೇರೆ: ಮಗು ಗಣಿತವನ್ನು ಹೇಗೆ ಕಲಿಯುತ್ತದೆ, ಎಲ್ಲಿ ಎಡವುತ್ತದೆ? ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವ್ಯಾಪಾರದಲ್ಲಿ ಬಾಯಲ್ಲೇ ಸರಿಯಾಗಿ ಲೆಕ್ಕ ಹೇಳುವ ಮಕ್ಕಳು ಅಂಥದೇ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ ಹೆಚ್ಚು ತಪ್ಪುತ್ತಿದ್ದರು. ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಮಂಡಿಯ ಲೆಕ್ಕ ಕೇಳುತ್ತಲೇ ಬೆಳೆಯುವ ಮಕ್ಕಳಿದ್ದಾರಲ್ಲ, ಅವರ ಶೇಕಡಾವಾರು ಲೆಕ್ಕವನ್ನು ಹೀಗೇ ಯಾರಾದರೂ ಕೂತು ಅಧ್ಯಯನ ಮಾಡಬೇಕು ಎಂಬುದು ನನ್ನ ಬಹುದಿನದ ಆಸೆ. ಅದು ನೀವೇ ಯಾಕಾಗಬಾರದು?

ದಾರಿ ಸಾಮಾನ್ಯವಾಗಿ ಹೀಗೆ: ಗಣಿತದಲ್ಲಿ ಎಂ.ಎಸ್ಸಿ. (ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಹತ್ತಿರವೇ ಇದೆ), ಆಮೇಲೆ ಬಿ.ಇಡಿ., ಎಂ.ಇಡಿ., ಶಿಕ್ಷಣ ವಿಷಯದಲ್ಲಿ ನೆಟ್ ಅಥವಾ ಕೆ-ಸೆಟ್ (ಕಾಲೇಜು ಅಧ್ಯಾಪಕರಾಗಲು ರಾಷ್ಟ್ರ ಮತ್ತು ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳು), ನಂತರ ಪಿಎಚ್.ಡಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನೂ ವಿಚಾರಿಸಿ. ಸಂಶೋಧನೆಗೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನನ್ನ ಮೊದಲ ಆಯ್ಕೆ. ಗಣಿತ ಕಲಿಕೆಯನ್ನೇ ವಿಷಯವಾಗಿಟ್ಟುಕೊಂಡು ಅಲ್ಲಿ ಪಿಎಚ್.ಡಿ. ಮಾಡಬಹುದು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ನೇರ ನೇಮಕಾತಿಯಲ್ಲಿ ಸಹ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಜೊತೆ ಕನಿಷ್ಠ 8 ವರ್ಷ, ಪ್ರಾಧ್ಯಾಪಕ ಹುದ್ದೆಗೆ 10 ವರ್ಷ ಅನುಭವ ಬೇಕು. ಪ್ರಕಟಿತ ಲೇಖನಗಳೂ ಬೇಕು.

ನನ್ನನ್ನು ಕೇಳಿದರೆ, ಪಿಎಚ್.ಡಿ.ಗೆ ಮೊದಲು ಎರಡು ವರ್ಷವಾದರೂ ಹಳ್ಳಿಯ ಪ್ರೌಢಶಾಲೆಯಲ್ಲಿ ಪಾಠ ಮಾಡಿ. ಮಕ್ಕಳ ತಪ್ಪು ಉತ್ತರಗಳನ್ನು, ಅವರು ಕೊಟ್ಟ ಕಾರಣದ ಸಮೇತ, ಬರೆದಿಟ್ಟುಕೊಳ್ಳಿ.