ಟಾರ್ಮ್ಯಾಕ್, ಡಾಗ್ಮಾ, ಕೊಲ್ನಾಗೊ: ಯಾವ ಕಾರ್ಬನ್ ಫ್ರೇಮ್ ತಗೊಳ್ಳಲಿ?

ನೀವು ಕೇಳಿರುವುದು ಮೂರು ರೋಡ್ ಸೈಕಲ್ ಫ್ರೇಮ್ ಬಗ್ಗೆ: ಸ್ಪೆಷಲೈಸ್ಡ್ ಎಸ್-ವರ್ಕ್ಸ್ ಟಾರ್ಮ್ಯಾಕ್ ಎಸ್‌ಎಲ್8, 2024ರ ಪಿನರೆಲ್ಲೋ ಡಾಗ್ಮಾ ಎಫ್, ಕೊಲ್ನಾಗೊ ಸಿ68. ನಿಮ್ಮ ತೂಕ 75 ಕಿಲೋ, ಭಾನುವಾರ ನಂದಿ ಬೆಟ್ಟ, ಆಗಾಗ ನೂರು ಕಿಲೋಮೀಟರ್ ರೈಡ್, ರೇಸ್ ಮಾಡುವ ಯೋಚನೆ ಇಲ್ಲ ಅಂದಿದ್ದೀರಿ. ಹಾಗಿದ್ದರೆ ಗ್ರಾಂ ಲೆಕ್ಕ ಪಕ್ಕಕ್ಕಿಟ್ಟು ಮೊದಲು ಜಾಮೆಟ್ರಿ ಚಾರ್ಟ್, ಅಂದರೆ ಫ್ರೇಮ್‌ನ ಅಳತೆಗಳ ಪಟ್ಟಿ ನೋಡಿ.

ತೂಕದ ವಿಷಯ ಬೇಗ ಮುಗಿಸುತ್ತೇನೆ. 56 ಸೈಜ್ ಎಸ್-ವರ್ಕ್ಸ್ ಎಸ್‌ಎಲ್8 ಫ್ರೇಮ್ 685 ಗ್ರಾಂ ಅಂತ ಕಂಪನಿ ಹೇಳುತ್ತದೆ. ಅದೇ ಆಕಾರ, ಅದೇ ಅಳತೆಯಲ್ಲಿ 10ಆರ್ ಅನ್ನುವ, ಒಂದು ದರ್ಜೆ ಕೆಳಗಿನ ಕಾರ್ಬನ್‌ನ ಎಸ್‌ಎಲ್8 ಕೂಡ ಇದೆ. ಅದು 780 ಗ್ರಾಂ. ಸಿ68 ಫ್ರೇಮ್ 900 ದಾಟುತ್ತದೆ. ನೀವು, ಸೈಕಲ್, ನೀರಿನ ಬಾಟಲಿ ಎಲ್ಲಾ ಸೇರಿ 84 ಕಿಲೋ ಅಂದುಕೊಳ್ಳಿ. ನಂದಿ ಹತ್ತಲು ಅರ್ಧ ಗಂಟೆ ಬೇಕಾದರೆ, 95 ಗ್ರಾಂ ಕಡಿಮೆ ಮಾಡಿ ಉಳಿಸುವುದು ಎರಡು ಸೆಕೆಂಡ್. ಇದಕ್ಕೆ ಅಷ್ಟೊಂದು ದುಡ್ಡು ಜಾಸ್ತಿ ಕೊಡಬೇಕಾ?

ಫೈಬರ್ ಹೆಸರುಗಳಿಗೂ ಮರುಳಾಗಬೇಡಿ. ಟೋರೆ ಕಂಪನಿಯ ಟಿ1100, ಎಂ40ಎಕ್ಸ್ ಒಳ್ಳೆಯ ಫೈಬರ್‌ಗಳೇ. ಆದರೆ ಒಂದೇ ಫ್ರೇಮ್‌ನಲ್ಲಿ ಬೇರೆ ಬೇರೆ ದರ್ಜೆಯ ಕಾರ್ಬನ್ ಹಾಳೆಗಳಿರುತ್ತವೆ. ಎಳೆ ಟ್ಯೂಬಿನ ಉದ್ದಕ್ಕಿದ್ದರೆ ಬಾಗುವುದನ್ನು ತಡೆಯುತ್ತದೆ, 45 ಡಿಗ್ರಿ ಓರೆಯಾಗಿದ್ದರೆ ತಿರುಚುವುದನ್ನು ತಡೆಯುತ್ತದೆ. ಯಾವ ಜಾಗಕ್ಕೆ ಯಾವ ಹಾಳೆ, ಎಷ್ಟು ಪದರ ಅನ್ನುವುದರಲ್ಲೇ ಕೆಲಸಗಾರಿಕೆ ಇರೋದು. ಅದು ಬ್ರೋಷರ್‌ನಲ್ಲಿ ಕಾಣಲ್ಲ.

ಈಗ ಜಾಮೆಟ್ರಿ. ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ಕೂರುವ ಜಾಗ) ನಡುವಿನಿಂದ ಹೆಡ್‌ಟ್ಯೂಬ್ (ಹ್ಯಾಂಡಲ್ ಕೆಳಗಿನ ಮುಂದಿನ ಕೊಳವೆ) ಮೇಲ್ತುದಿಗೆ ಇರುವ ನೇರ ಎತ್ತರ ಸ್ಟ್ಯಾಕ್, ಅಡ್ಡ ದೂರ ರೀಚ್. 56 ಸೈಜ್ ಟಾರ್ಮ್ಯಾಕ್‌ನಲ್ಲಿ ಸ್ಟ್ಯಾಕ್ 565, ರೀಚ್ 395 ಮಿ.ಮೀ. ಇದು ಬಗ್ಗಿ ಓಡಿಸುವವರ ಅಳತೆ. ನಿಮ್ಮ ಈಗಿನ ಸೈಕಲ್‌ನಲ್ಲಿ ಹ್ಯಾಂಡಲ್ ಇದಕ್ಕಿಂತ ತುಂಬಾ ಮೇಲಿದ್ದರೆ, ಹೊಸದಕ್ಕೆ ಹ್ಯಾಂಡಲ್ ಎತ್ತರಿಸುವ ಬಳೆ, ಅಂದರೆ ಸ್ಪೇಸರ್ ಮೇಲೆ ಸ್ಪೇಸರ್ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಮೂರನೇ ಗಂಟೆಗೆ ಕತ್ತು ಹಿಡಿಯುತ್ತದೆ. ಟಾರ್ಮ್ಯಾಕ್ 7 ಸೈಜ್‌ನಲ್ಲಿ ಬರುತ್ತದೆ, ಡಾಗ್ಮಾ 11ರಲ್ಲಿ. ಎರಡು ಸೈಜ್ ನಡುವೆ ಸಿಕ್ಕಿಕೊಳ್ಳುವ ಮೈಕಟ್ಟು ನಿಮ್ಮದಾದರೆ ಡಾಗ್ಮಾಗೆ ಜಾಸ್ತಿ ಕೊಡುವುದರಲ್ಲಿ ಅರ್ಥ ಇದೆ. ನನ್ನ ಪ್ರಕಾರ ಅದರ ನಿಜವಾದ ಬಲ ಇದೇ, ಗಾಳಿ ಸೀಳುವ ಏರೋ ಆಕಾರ ಅಲ್ಲ.

ಹ್ಯಾಂಡಲ್ ಮತ್ತು ಅದನ್ನು ಹಿಡಿದಿಡುವ ಸ್ಟೆಮ್ ಒಂದೇ ತುಂಡಾಗಿ ಬಂದರೆ ಇನ್ನೂ ಹುಷಾರು. 10 ಮಿ.ಮೀ. ಚಿಕ್ಕ ಸ್ಟೆಮ್ ಬೇಕು ಅಂದರೂ ಇಡೀ ತುಂಡನ್ನೇ ಬದಲಿಸಬೇಕು. ಬ್ರೇಕ್ ಆಯಿಲ್‌ನ ಹೋಸ್‌ಗಳು ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್ ಜೋಡಿ) ಒಳಗಿಂದ ಹೋಗುವುದರಿಂದ ಬೇರಿಂಗ್ ಕೆಲಸವೂ ದೊಡ್ಡದು. ಹೋದ ಮಳೆಗಾಲ ನನ್ನ ಸೈಕಲ್‌ನ ಮೇಲಿನ ಬೇರಿಂಗ್ ತುಕ್ಕು ಹಿಡಿದು, ಹ್ಯಾಂಡಲ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಬೇರಿಂಗ್ ಬೆಲೆ ಅಷ್ಟಿಲ್ಲ. ಆದರೆ ಅದನ್ನು ಹೊರಗೆ ತೆಗೆಯಲು ಎರಡೂ ಹೋಸ್ ಬಿಚ್ಚಿ, ಮತ್ತೆ ಜೋಡಿಸಿ, ಬ್ಲೀಡ್ ಮಾಡಬೇಕಾಯಿತು, ಅಂದರೆ ಒಳಗಿನ ಗಾಳಿ ತೆಗೆಯಬೇಕಾಯಿತು. ಮೂರು ಫ್ರೇಮ್‌ಗೂ ಈ ಮಾತು ಅನ್ವಯಿಸುತ್ತದೆ. ವರ್ಷಕ್ಕೊಮ್ಮೆ ಗ್ರೀಸ್ ಹಾಕಿಸಿ.

ಬಾಟಮ್ ಬ್ರಾಕೆಟ್ ವಿಷಯದಲ್ಲಿ ಸಮಾಧಾನ ಇದೆ, ಮೂರೂ ಥ್ರೆಡ್ ಇರುವಂಥವೇ, ಅಂದರೆ ತಿರುಗಿಸಿ ಬಿಗಿಯುವಂಥವು. ಥ್ರೆಡ್ ಮಾದರಿ ಮಾತ್ರ ಬೇರೆ ಬೇರೆ: ಟಾರ್ಮ್ಯಾಕ್‌ನದು ಬಿಎಸ್‌ಎ, ಸಿ68ದು ಟಿ47, ಡಾಗ್ಮಾದು ಇಟಾಲಿಯನ್. ಇಟಾಲಿಯನ್‌ನಲ್ಲಿ ಬಲಗಡೆ ಕಪ್‌ಗೂ (ಬೇರಿಂಗ್ ಕೂರುವ ಬಟ್ಟಲು) ಬಲ ಥ್ರೆಡ್ಡೇ ಇರುವುದರಿಂದ ತುಳಿಯುತ್ತಾ ಸಡಿಲವಾಗುವ ಸ್ವಭಾವ ಇದೆ. ಟಾರ್ಕ್ ರೆಂಚ್ ಇಟ್ಟು ಬಿಗಿ ಮಾಡುವ ಮೆಕ್ಯಾನಿಕ್ ಬೇಕು. ಟೈರ್ ಜಾಗ ಟಾರ್ಮ್ಯಾಕ್‌ನಲ್ಲಿ 32 ಮಿ.ಮೀ. ತನಕ ಇದೆ, ಡಾಗ್ಮಾದಲ್ಲಿ 30. ನಮ್ಮ ರಸ್ತೆಗೆ ಈ 2 ಮಿ.ಮೀ. ಸಣ್ಣದಲ್ಲ.

ಸಿ68 ನನಗೆ ತುಂಬಾ ಇಷ್ಟ. ಇಟಲಿಯಲ್ಲೇ ಒಂದೊಂದು ಭಾಗ ಮಾಡಿ ಅಂಟಿಸಿ ಕೂಡಿಸಿದ ಫ್ರೇಮ್ ಅದು. ಆ ಕೈಕೆಲಸಕ್ಕೆ ಮನಸೋತಿದ್ದರೆ ಅದನ್ನೇ ತಗೊಳ್ಳಿ, ಸುಮ್ನೆ ಗ್ರಾಂ ಎಣಿಸುತ್ತಾ ಕೂರಬೇಡಿ. ಹಾಗೇನಿಲ್ಲ ಅಂದರೆ 10ಆರ್ ಟಾರ್ಮ್ಯಾಕ್ ತಗೊಂಡು, ಉಳಿದ ದುಡ್ಡಲ್ಲಿ ಒಳ್ಳೆ ವೀಲ್ ಮತ್ತು 30 ಮಿ.ಮೀ. ಟೈರ್ ಹಾಕಿಸಿ. ಯಾವುದಾದರೂ ಸರಿ, ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಿ. ಅರ್ಧ ಬೆಲೆಗೆ ಆನ್‌ಲೈನ್‌ನಲ್ಲಿ ಸಿಗುವ ಡಾಗ್ಮಾಗಳಲ್ಲಿ ನಕಲಿ ಬಹಳ.

ಈಗಿನ ಸೈಕಲ್‌ನ ಸ್ಟ್ಯಾಕ್, ರೀಚ್, ಸ್ಟೆಮ್ ಉದ್ದ, ಸ್ಪೇಸರ್ ಎಷ್ಟಿದೆ ಅಂತ ಇಲ್ಲೇ ಬರೆಯಿರಿ. ಮೂರರಲ್ಲೂ ನಿಮಗೆ ಯಾವ ಸೈಜ್ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.